ಆರ್ಮೇನಿಯಾದ ಗಾಯಕರು: ಯಾರನ್ನು ಮೊದಲು ಕೇಳಬೇಕು, ಯಾರನ್ನು ಬಿಟ್ಟರೂ ನಡೆದೀತು

ಆರ್ಮೇನಿಯಾದ ಒಬ್ಬ ಗಾಯಕರ ಹೆಸರು ಹೇಳಿ ಎಂದರೆ ನಮ್ಮಲ್ಲಿ ಸಂಗೀತದ ಹುಚ್ಚಿರುವವರಿಂದ ಸಾಮಾನ್ಯವಾಗಿ ಎರಡೇ ಉತ್ತರ ಬರುತ್ತವೆ. ಸ್ವಲ್ಪ ವಯಸ್ಸಾದವರು ಶಾರ್ಲ್ ಅಜ್ನಾವೂರ್ ಅನ್ನುತ್ತಾರೆ. ಹಾಸ್ಟೆಲಿನಲ್ಲಿ ರಾಕ್ ಕೇಳಿ ಬೆಳೆದವರು ಸಿಸ್ಟಮ್ ಆಫ್ ಎ ಡೌನ್ ಬ್ಯಾಂಡಿನ ಸೆರ್ಜ್ ಟಾಂಕಿಯಾನ್ ಅನ್ನುತ್ತಾರೆ. ಇಬ್ಬರೂ ದೊಡ್ಡವರೇ. ಆದರೆ ಒಬ್ಬರು ಪ್ಯಾರಿಸ್ಸಿನಲ್ಲಿ ಹುಟ್ಟಿ ಹೆಚ್ಚಾಗಿ ಫ್ರೆಂಚಿನಲ್ಲಿ ಹಾಡಿದವರು, ಇನ್ನೊಬ್ಬರು ಬೈರೂತಿನಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ಬೆಳೆದು ಇಂಗ್ಲಿಷಿನಲ್ಲಿ ಹಾಡುವವರು. ಇವರಿಬ್ಬರಲ್ಲೇ ನಿಂತುಬಿಟ್ಟರೆ ರಾಜಧಾನಿ ಯೆರೆವಾನ್, ಗ್ಯುಮ್ರಿ, ಎಚ್ಮಿಯಾದ್ಜಿನ್‌ಗಳ ದನಿ ಕಿವಿಗೆ ಬೀಳುವುದೇ ಇಲ್ಲ. ಸುಮಾರು 30 ಲಕ್ಷ ಜನರ ಆ ಪುಟ್ಟ ದೇಶದಲ್ಲಿ, ಅದರ ಹೊರಗೆ ಚದುರಿಹೋದ ಇನ್ನೂ ಹೆಚ್ಚಿನ ಜನರಲ್ಲಿ, ಹಾಡುವ ಬಗೆಗಳು ಬೇಕಾದಷ್ಟಿವೆ. ಯಾರನ್ನು ಆರಿಸಿಕೊಳ್ಳಬೇಕು ಎಂಬುದು ನಿಮಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ನನಗೆ ಇಷ್ಟವಾದವರು ಯಾರು, ಯಾಕೆ, ಯಾರು ಇಷ್ಟವಾಗಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುತ್ತೇನೆ.

ನಾನು ಇವರನ್ನೆಲ್ಲ ಅಳೆಯುವುದು ಒಂದೇ ಜಾಗದಲ್ಲಿ, ಸಾಲು ಮುಗಿಯುವ ಕಡೆ. ಆರ್ಮೇನಿಯಾದ ಹಳೆಯ ಸಂಗೀತ ಒಂಟಿ ಎಳೆಯದು. ಮೇಲೊಂದು ಸ್ವರ, ಕೆಳಗೊಂದು ಸ್ವರ ಜೊತೆಗೂಡಿ ಹೋಗುವ ಪಾಶ್ಚಾತ್ಯ ಪದ್ಧತಿ ಅದಕ್ಕೆ ಬಹಳ ತಡವಾಗಿ ಬಂದದ್ದು. ಒಂದು ರಾಗದೆಳೆ, ಅದರಡಿ ಬಿಡದೆ ಹಿಡಿದ ಒಂದು ಸ್ವರ, ಅಷ್ಟೇ. ಏಪ್ರಿಕಾಟ್ ಮರದಿಂದ ಮಾಡಿದ ದುದುಕ್ ಎಂಬ ಊದುವ ವಾದ್ಯವನ್ನು ಇಬ್ಬರು ಕೂತು ನುಡಿಸುತ್ತಾರೆ. ಒಬ್ಬ ಹಾಡನ್ನು ನುಡಿಸಿದರೆ ಇನ್ನೊಬ್ಬ ಕೆನ್ನೆಯುಬ್ಬಿಸಿ, ಉಸಿರು ಕಡಿಯದೆ, 'ದಮ್' ಹಿಡಿದು ಕೂತಿರುತ್ತಾನೆ. ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂಥ ಸಂಗೀತದಲ್ಲಿ ಗಾಯಕರಿಗೆ ಅಡಗಿಕೊಳ್ಳಲು ಜಾಗವಿಲ್ಲ. ಸಾಲಿನ ಕೊನೆಯ ಸ್ವರಕ್ಕೆ ಬಂದಾಗ ಅದನ್ನು ಹೇಗೆ ಇಳಿಸುತ್ತಾರೆ? ಮೆಲ್ಲಗೆ ಶ್ರುತಿಯಲ್ಲಿ ಕೂರಿಸುತ್ತಾರೋ, ನಡುಗಿಸುತ್ತಾರೋ, ಗಿರಕಿ ಹೊಡೆಸುತ್ತಾರೋ, ಕೂಗಿ ಚಪ್ಪಾಳೆಗೆ ಕೈಚಾಚುತ್ತಾರೋ? ಭಾಷೆ ಬಾರದಿದ್ದರೂ ಇದು ಗೊತ್ತಾಗುತ್ತದೆ, ಮತ್ತು ಬಹುಮಟ್ಟಿಗೆ ಇದೊಂದರಿಂದಲೇ ನಿಮ್ಮ ಗಾಯಕರು ಯಾರೆಂದು ನಿರ್ಧಾರವಾಗಿಬಿಡುತ್ತದೆ.

ಒಫೇಲಿಯಾ ಮತ್ತು ಬದಲ್ಯಾನ್

ಒಬ್ಬರನ್ನೇ ಕೇಳುವಷ್ಟು ಬಿಡುವಿದ್ದರೆ ಒಫೇಲಿಯಾ ಹಂಬರ್ಜುಮ್ಯಾನ್ ಅವರನ್ನು ಕೇಳಿ. 1925ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಈಕೆ ಸೋವಿಯತ್ ಕಾಲದ ಯೆರೆವಾನ್ ರೇಡಿಯೋದ ದನಿ. ಅರಾಮ್ ಮೆರಾಂಗುಲ್ಯಾನ್ ನಡೆಸುತ್ತಿದ್ದ ಜಾನಪದ ವಾದ್ಯಮೇಳದ ಜೊತೆ ಹಾಡಿದವರು. ಜಾನಪದ ಗೀತೆಗಳಿಗಿಂತ ಹೆಚ್ಚಾಗಿ ನಾನು ಇವರನ್ನು ಹುಡುಕಿಕೊಂಡು ಹೋಗುವುದು ಸಯಾತ್ ನೋವಾ ಹಾಡುಗಳಿಗಾಗಿ.

ಸಯಾತ್ ನೋವಾ ಯಾರೆಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. 18ನೇ ಶತಮಾನದ ಆಶುಗ್, ಅಂದರೆ ತಾನೇ ಕಟ್ಟಿ ತಾನೇ ಹಾಡುವ ಕವಿ. ಟಿಫ್ಲಿಸ್ ನಗರದವನು. ಜಾರ್ಜಿಯಾದ ದೊರೆ ಎರೆಕ್ಲೆಯ ಆಸ್ಥಾನದಲ್ಲಿದ್ದು, ಆಮೇಲೆ ಪಾದ್ರಿಯಾದ. ಆರ್ಮೇನಿಯನ್, ಜಾರ್ಜಿಯನ್, ಅಜರ್ಬೈಜಾನಿ ಮೂರರಲ್ಲೂ ಹಾಡು ಕಟ್ಟಿದ. 1795ರಲ್ಲಿ ಪರ್ಷಿಯಾದ ಆಘಾ ಮೊಹಮ್ಮದ್ ಖಾನನ ದಂಡು ಟಿಫ್ಲಿಸನ್ನು ಸೂರೆಗೈದಾಗ ಸತ್ತ. ಅವನ ಹಾಡುಗಳಲ್ಲಿ ಪ್ರೇಯಸಿಯ ಹೊಗಳಿಕೆ ಇದೆ, ಲೋಕದ ಮೇಲಿನ ಬೇಸರ ಇದೆ, ಕಮಾನು ಎಳೆದು ನುಡಿಸುವ ತನ್ನ ಕಮಾಂಚಾ ವಾದ್ಯವನ್ನೇ ಎದುರಿಗೆ ಕೂರಿಸಿಕೊಂಡು ಕೊಂಡಾಡುವ ಹಾಡೂ ಇದೆ. ಯಾವ ಆರ್ಮೇನಿಯನ್ ಗಾಯಕರಾದರೂ ಒಂದಲ್ಲ ಒಂದು ದಿನ ಅವನ ಮುಂದೆ ನಿಂತು ತಮ್ಮ ದನಿಯನ್ನು ಒರೆಗೆ ಹಚ್ಚಲೇಬೇಕು.

ಒಫೇಲಿಯಾ ಹಾಡುವಾಗ ಮೊದಲು ಕಮಾಂಚಾ, ತಾರ್, ಕಾನೂನ್ ಎಂಬ ತಂತಿವಾದ್ಯಗಳು ಹಾಡಿನ ಅಂಗಳವನ್ನು ಗುಡಿಸಿ ಬಿಡುತ್ತವೆ. ಆಮೇಲೆ ಆಕೆ ಬರುತ್ತಾರೆ. ದನಿ ದಪ್ಪ, ಎದೆಯಿಂದ ಬರುವಂಥದ್ದು, ಸ್ವಲ್ಪವೂ ಅವಸರವಿಲ್ಲ. ಅಲಂಕಾರಗಳಿವೆ, ಆದರೆ ಅವು ಸಾಲಿನ ನಡುವೆ ಬಂದು ಹೋಗುತ್ತವೆ. ಕೊನೆಯ ಅಕ್ಷರಕ್ಕೆ ಬಂದಾಗ ದನಿ ನೇರವಾಗಿ ಸ್ವರದ ಮೇಲೆ ಕೂರುತ್ತದೆ, ನಡುಗುವುದಿಲ್ಲ, ಉಸಿರು ಇರುವಾಗಲೇ ನಿಂತುಬಿಡುತ್ತದೆ. ಆ ನಿಲುಗಡೆಯಲ್ಲಿ ಕಮಾಂಚಾ ಅದೇ ಸ್ವರವನ್ನು ಎತ್ತಿಕೊಂಡು ಮುಂದೆ ನಡೆಯುವುದನ್ನು ಗಮನಿಸಿ. ವಾದ್ಯಕ್ಕೆ ದಾರಿ ಬಿಟ್ಟುಕೊಡುವ ಈ ಸೌಜನ್ಯವನ್ನು ಇವರಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಬ್ಬರನ್ನು ನಾನು ಕೇಳಿಲ್ಲ. ಪ್ರೀತಿಯ ಹಾಡನ್ನು ಇಷ್ಟು ಘನತೆಯಿಂದ ಹಾಡಬಹುದು ಎಂದು ನನಗೆ ತೋರಿಸಿಕೊಟ್ಟವರು ಇವರು.

ಇವರ ಪಕ್ಕದಲ್ಲಿ ಇಟ್ಟು ಕೇಳಬೇಕಾದ ದನಿ ಹೋವ್ಹಾನೆಸ್ ಬದಲ್ಯಾನ್ ಅವರದು. 1924ರಲ್ಲಿ ಇರಾನಿನ ಹಮದಾನ್ ಬಳಿ ಹುಟ್ಟಿದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಹೊರನಾಡಿನ ಆರ್ಮೇನಿಯನ್ನರನ್ನು ಸೋವಿಯತ್ ಸರ್ಕಾರ ಕರೆಸಿಕೊಂಡಾಗ, 1946ರಲ್ಲಿ ಆರ್ಮೇನಿಯಾಕ್ಕೆ ಬಂದು ನೆಲೆಸಿದರು. ಗಂಡುದನಿ, ಎತ್ತರದಲ್ಲಿ ಹೊಳೆಯುವಂಥದ್ದು. ಒಫೇಲಿಯಾ ತಡೆದು ನಿಲ್ಲಿಸುವ ಕಡೆ ಇವರು ಬಿಟ್ಟುಕೊಡುತ್ತಾರೆ: ಸಾಲಿನ ಕೊನೆಯಲ್ಲಿ ದನಿ ಒಂದು ಸಣ್ಣ ಅಲೆಯಾಗಿ ಏಳುತ್ತದೆ, ಬೀಳುತ್ತದೆ. ಬೆಟ್ಟದ ಮೇಲಿನ, ಬಯಲಿನ ಹಾಡುಗಳಿಗೆ ಬದಲ್ಯಾನ್. ನಾಲ್ಕು ಗೋಡೆಯೊಳಗೆ ಕೂತು ಒಬ್ಬರಿಗಾಗಿ ಹಾಡುವ ಹಾಡಿಗೆ ಒಫೇಲಿಯಾ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಒಫೇಲಿಯಾ ಕಡೆಗೇ ವಾಲುತ್ತೇನೆ. ಹಿಂದುಸ್ತಾನಿ ಕೇಳಿ ಬೆಳೆದವರಿಗೆ ಬಹುಶಃ ಬದಲ್ಯಾನ್ ಮೊದಲು ಹಿಡಿಸಬಹುದು.

ಮುಂದಿನ ಪೀಳಿಗೆಯ ಫ್ಲೋರಾ ಮಾರ್ತಿರೋಸ್ಯಾನ್ ಅವರನ್ನೂ ಇಲ್ಲಿ ಹೇಳಬೇಕು. ಗ್ಯುಮ್ರಿಯಲ್ಲಿ 1957ರಲ್ಲಿ ಹುಟ್ಟಿ, 2012ರಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಹೋದರು. ಅಪಾರ ಕಂಠಶಕ್ತಿ. ಆ ಶಕ್ತಿಯನ್ನು ಪ್ರತಿ ಸಾಲಿನಲ್ಲೂ ಖರ್ಚು ಮಾಡುತ್ತಾರೆ ಎಂಬುದೇ ನನ್ನ ತಕರಾರು. ಎರಡು ಹಾಡು ಕೇಳಿದರೆ ಬೆರಗಾಗುತ್ತದೆ, ಹತ್ತು ಕೇಳಿದರೆ ದಣಿವಾಗುತ್ತದೆ.

ಇಗರ್ಜಿಯ ದನಿ, ಒಪೆರಾದ ದನಿ

ಭಕ್ತಿಸಂಗೀತ ಬೇಕೆನ್ನುವವರಿಗೆ ಆಯ್ಕೆ ಬಹಳ ಸುಲಭ: ಲುಸಿನೆ ಜಕಾರ್ಯಾನ್. ಈಕೆಯ ಬಗ್ಗೆ ಬರೆಯುವಾಗ ಅಳತೆ ತಪ್ಪದಂತೆ ನೋಡಿಕೊಳ್ಳುವುದು ನನಗೆ ಕಷ್ಟ. 1937ರಲ್ಲಿ ಜಾರ್ಜಿಯಾದ ಅಖಾಲ್ತ್ಸಿಖೆಯಲ್ಲಿ ಹುಟ್ಟಿದವರು, 1992ರ ಕೊನೆಯಲ್ಲಿ ಹೋಗಿಬಿಟ್ಟರು. ಆರ್ಮೇನಿಯಾದ ರೇಡಿಯೋ ಮತ್ತು ದೂರದರ್ಶನದ ಸಿಂಫನಿ ವಾದ್ಯವೃಂದದಲ್ಲಿ ಹಾಡುತ್ತಿದ್ದ ಇವರು, ಆರ್ಮೇನಿಯನ್ ಚರ್ಚಿನ ಪೀಠವಾದ ಎಚ್ಮಿಯಾದ್ಜಿನ್ ಕ್ಯಾಥೆಡ್ರಲಿನ ಗಾಯನವೃಂದದಲ್ಲೂ ಹಾಡಿದರು. ಅದೂ ಯಾವಾಗ? ದೇವರಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಿದ್ದ ಸೋವಿಯತ್ ಕಾಲದಲ್ಲಿ. ಶರಕಾನ್ ಎನ್ನುವ ಚರ್ಚಿನ ಪುರಾತನ ಸ್ತೋತ್ರಗಳನ್ನು ಇವರ ದನಿಮುದ್ರಣಗಳ ಮೂಲಕವೇ ಮೊದಲು ಕೇಳಿದವರು ಎಷ್ಟೋ ಜನ.

10ನೇ ಶತಮಾನದ ಸಂತಕವಿ ಗ್ರಿಗೋರ್ ನರೆಕಾತ್ಸಿಯ 'ಹವುನ್ ಹವುನ್' ಎಂಬ ಗೀತೆಯನ್ನು ಇವರು ಹಾಡಿದ್ದಾರೆ. ಒಂದು ಅಕ್ಷರವನ್ನು ಎಷ್ಟೋ ಹೊತ್ತು ಎಳೆದುಕೊಂಡು ಹೋಗುವ ರಚನೆ ಅದು. ಒಪೆರಾ ಕಲಿತ, ಸೊಪ್ರಾನೋ ಎಂಬ ಎತ್ತರದ ದನಿಯ ಗಾಯಕಿಯರು ಇಂಥ ಕಡೆ ಸಾಮಾನ್ಯವಾಗಿ ದನಿಯನ್ನು ದೊಡ್ಡದು ಮಾಡುತ್ತಾರೆ. ಲುಸಿನೆ ಸಣ್ಣದು ಮಾಡುತ್ತಾರೆ. ಸ್ವರ ಮೇಲೆ ಹೋದಷ್ಟೂ ದನಿ ತೆಳುವಾಗುತ್ತದೆ, ಆದರೆ ಎಲ್ಲೂ ಹರಿಯುವುದಿಲ್ಲ. ಸಾಲಿನ ಕೊನೆ ಎಲ್ಲಿ ಬಂತು, ಮೌನ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲಾಗುವುದಿಲ್ಲ. ಹೆಡ್‌ಫೋನಿನಲ್ಲಿ, ಸುತ್ತ ಸದ್ದಿಲ್ಲದ ಹೊತ್ತಿನಲ್ಲಿ ಕೇಳಬೇಕಾದ ಗಾಯಕಿ. ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ಹೋಗುತ್ತಾ ಕೇಳಿದರೆ ಅರ್ಧಕ್ಕರ್ಧ ಕೈತಪ್ಪಿ ಹೋಗುತ್ತದೆ.

ಗೊಹಾರ್ ಗಾಸ್ಪರ್ಯಾನ್ ಬೇರೆಯೇ ಜಾತಿಯ ಗಾಯಕಿ. 1924ರಲ್ಲಿ ಕೈರೋದಲ್ಲಿ ಹುಟ್ಟಿ 1948ರಲ್ಲಿ ಆರ್ಮೇನಿಯಾಕ್ಕೆ ಬಂದ ಇವರನ್ನು ಅಲ್ಲಿಯವರು ಕೋಗಿಲೆಯೆಂದೇ ಕರೆದರು. ಮಿಂಚಿನಂತೆ ಓಡುವ ಎತ್ತರದ ಸ್ವರಗಳು, ಅಚ್ಚುಕಟ್ಟಾದ ತಾಲೀಮು. ಇವರನ್ನು ಕೇಳಬೇಕಾದರೆ ಅರ್ಮೆನ್ ತಿಗ್ರಾನ್ಯಾನ್ ರಚಿಸಿದ 'ಅನುಷ್' ಒಪೆರಾದಲ್ಲಿ ಕೇಳಿ. 1912ರಲ್ಲಿ ಮೊದಲ ಪ್ರದರ್ಶನ ಕಂಡ ಈ ಒಪೆರಾದ ಕತೆ ಹಳ್ಳಿಯದು. ಊರವರ ಮುಂದೆ ಕುಸ್ತಿಗಿಳಿದಾಗ ಗೆಳೆಯನ ಬೆನ್ನನ್ನು ನೆಲಕ್ಕೆ ತಾಗಿಸಬಾರದು ಎಂಬುದು ಅಲ್ಲಿನ ಕಟ್ಟಳೆ. ತಾನು ಪ್ರೀತಿಸುವ ಅನುಷ್ ನೋಡುತ್ತಿದ್ದಾಳೆಂಬ ಉಮೇದಿನಲ್ಲಿ ಸಾರೋ ಆ ಕಟ್ಟಳೆ ಮರೆತು ಅವಳ ಅಣ್ಣನನ್ನೇ ಕೆಡವಿಬಿಡುತ್ತಾನೆ. ಅಲ್ಲಿಂದ ಶುರುವಾದ ಹಗೆ ಅವನ ಕೊಲೆಯಲ್ಲಿ, ಅವಳ ಹುಚ್ಚಿನಲ್ಲಿ ಮುಗಿಯುತ್ತದೆ. ಕೊನೆಯ ದೃಶ್ಯದಲ್ಲಿ ಬುದ್ಧಿ ಕಳೆದುಕೊಂಡ ಹುಡುಗಿಯಾಗಿ ಗೊಹಾರ್ ಹಾಡುವಾಗ ಆ ಹೊಳೆಯುವ ಕಂಠಕ್ಕೊಂದು ಕಾರಣ ಸಿಗುತ್ತದೆ. ಬಿಡಿ ಹಾಡುಗಳಲ್ಲಿ ಅದೇ ಹೊಳಪು ನನಗೆ ಕೆಲವೊಮ್ಮೆ ಬರಿಯ ಹೊಳಪಾಗಿಯೇ ಉಳಿಯುತ್ತದೆ. ಹಾಗಾಗಿ ಲುಸಿನೆ ಮೊದಲು, ಗೊಹಾರ್ ಆಮೇಲೆ. ಯೆರೆವಾನಿನ ಒಪೆರಾ ಪ್ರೇಮಿಗಳು ಇದನ್ನು ಒಪ್ಪಲಿಕ್ಕಿಲ್ಲ.

ಈ ಇಬ್ಬರ ಹಿಂದೆಯೂ ನಿಂತಿರುವ ವ್ಯಕ್ತಿ ಕೋಮಿತಾಸ್. 1869ರಲ್ಲಿ ಒಟ್ಟೋಮನ್ ಸಾಮ್ರಾಜ್ಯದ ಕುತಾಹ್ಯಾದಲ್ಲಿ ಹುಟ್ಟಿದ ಅನಾಥ ಹುಡುಗ, ಎಚ್ಮಿಯಾದ್ಜಿನ್‌ನಲ್ಲಿ ಓದಿ ಪಾದ್ರಿಯಾಗಿ, ಬರ್ಲಿನ್ನಿನಲ್ಲಿ ಸಂಗೀತ ಕಲಿತು, ಹಳ್ಳಿ ಹಳ್ಳಿ ತಿರುಗಿ ಸಾವಿರಾರು ಹಾಡುಗಳನ್ನು ಬರೆದುಕೊಂಡ. ಒಟ್ಟೋಮನ್ ಆಡಳಿತ ನಡೆಸಿದ ಆರ್ಮೇನಿಯನ್ನರ ನರಮೇಧದ ಆರಂಭದಲ್ಲಿ, 1915ರ ಏಪ್ರಿಲ್ 24ರಂದು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಂಧಿಸಿ ಗಡೀಪಾರು ಮಾಡಿದ ಆರ್ಮೇನಿಯನ್ ಬುದ್ಧಿಜೀವಿಗಳಲ್ಲಿ ಅವರೂ ಒಬ್ಬರು. ಬದುಕಿ ವಾಪಸು ಬಂದರು, ಆದರೆ ಮನಸ್ಸು ಒಡೆದಿತ್ತು. 1935ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಅವರು ಗಾಯಕರೂ ಆಗಿದ್ದರು. 1912ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ದನಿಮುದ್ರಣಗಳಲ್ಲಿ ಅವರ ದನಿಯೂ ಇದೆ, ಅವರ ಪಿಯಾನೋ ಜೊತೆ ಹಾಡಿದ ಆರ್ಮೆನಾಕ್ ಶಾಹ್‌ಮುರಾದ್ಯಾನ್ ಎಂಬ ಎತ್ತರದ ಗಂಡುದನಿಯ ಟೆನರ್‌ನ ದನಿಯೂ ಇದೆ. ಗರಗರ ಸದ್ದು ಜಾಸ್ತಿ. ಆದರೂ ಇಡೀ ಪರಂಪರೆಯ ಬೇರು ಎಲ್ಲಿದೆ ಎಂದು ನೋಡುವ ಆಸೆ ಇದ್ದವರು ಇವನ್ನು ಬಿಡಬೇಡಿ. ಸ್ವಚ್ಛವಾದ ದನಿಮುದ್ರಣದಲ್ಲಿ ಕೋಮಿತಾಸ್ ಗೀತೆಗಳು ಬೇಕಿದ್ದರೆ ಕೆನಡಾದ ಇಸಬೆಲ್ ಬೈರಕ್‌ದಾರಿಯನ್ 2008ರಲ್ಲಿ ಹೊರತಂದ ಆಲ್ಬಮ್ ಇದೆ. ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಸೊಗಸಾಗಿದೆ. ಲುಸಿನೆಯಷ್ಟು ಒಳಗಿನಿಂದ ಬಂದದ್ದಲ್ಲ.

ಲಾಲಿಹಾಡುಗಳ ವಿಷಯ ಬಂದರೆ ಶೋಘಾಕೆನ್ ಎಂಬ ತಂಡದ ಹಾಸ್ಮಿಕ್ ಹಾರುತ್ಯುನ್ಯಾನ್. ವಾನ್, ಸಾಸೂನ್, ಅಕ್ನ್ ಮುಂತಾದ ಕಡೆಯ ಲಾಲಿಗಳನ್ನು ಆಯಾ ಸೀಮೆಯ ಆಡುನುಡಿಯಲ್ಲೇ ಹಾಡುತ್ತಾರೆ. ಆ ಊರುಗಳು ಈಗ ಟರ್ಕಿಯಲ್ಲಿವೆ. ಆ ಲಾಲಿ ಹಾಡುತ್ತಿದ್ದ ತಾಯಂದಿರ ಸಂತತಿ ಅಲ್ಲಿಲ್ಲ. ದನಿಯಲ್ಲಿ ಕಿಂಚಿತ್ತೂ ಗೋಳಿಲ್ಲ. ಮಗುವನ್ನು ಮಲಗಿಸಲೆಂದೇ ಹಾಡುತ್ತಾರೆ.

ಗಿಟಾರಿನವರು

ಮಾತು ಮುಖ್ಯ, ಸಾಹಿತ್ಯ ಮುಖ್ಯ ಎನ್ನುವವರಿಗೆ ರುಬೆನ್ ಹಖ್ವೆರ್ದ್ಯಾನ್, ಆರ್ತೂರ್ ಮೆಸ್ಚ್ಯಾನ್, ಲಿಲಿತ್ ಪಿಪೋಯಾನ್ ಎಂಬ ಮೂವರಿದ್ದಾರೆ. ಮೂವರೂ ಸೋವಿಯತ್ ಕಾಲದ ಕೊನೆಯ ದಶಕಗಳಲ್ಲಿ ಯೆರೆವಾನಿನಲ್ಲಿ ರೂಪುಗೊಂಡವರು.

ಹಖ್ವೆರ್ದ್ಯಾನ್ 1950ರಲ್ಲಿ ಹುಟ್ಟಿದವರು. ದನಿ ಒಡಕು, ಸಿಗರೇಟಿನ ವಾಸನೆ ಬರುವಂಥದ್ದು. ಸಾಲಿನ ಕೊನೆಯನ್ನು ಹಾಡುವುದೇ ಇಲ್ಲ, ಆಡಿಬಿಡುತ್ತಾರೆ. ಯೆರೆವಾನಿನ ಬೀದಿ, ಶರತ್ಕಾಲ, ಕಳೆದುಹೋದ ಪ್ರೀತಿ, ನಗರ ಬದಲಾಗುತ್ತಿರುವ ಸಂಕಟ, ಇವೇ ಅವರ ವಸ್ತು. ಭಾಷೆ ಬಾರದವರಿಗೆ ಮೊದಲ ಸಲ ಏನೂ ಸಿಗದೆ ಹೋಗಬಹುದು. ಅನುವಾದ ಎದುರಿಗಿಟ್ಟುಕೊಂಡು ಎರಡನೇ ಸಲ ಕೇಳಬೇಕು. ಮೆಸ್ಚ್ಯಾನ್ ವೃತ್ತಿಯಿಂದ ವಾಸ್ತುಶಿಲ್ಪಿ, ಅಪಾಸಲ್ಸ್ ಎಂಬ ರಾಕ್ ತಂಡ ಕಟ್ಟಿದವರು. ಆಕಾಶಕ್ಕೆ ಮುಖ ಮಾಡಿ ಪ್ರಶ್ನೆ ಕೇಳುವ ಗಾಯಕ. ಹಾಡು ಕಟ್ಟಡದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ, ಕೊನೆಗೆ ಅಬ್ಬರಿಸುತ್ತದೆ. ಆ ಅಬ್ಬರಕ್ಕೆ ಅರ್ಹತೆ ಇದೆ. ಯಾಕೆಂದರೆ ಅಷ್ಟು ಹೊತ್ತು ತಡೆದುಕೊಂಡು ಬಂದಿರುತ್ತಾರೆ. ಪಿಪೋಯಾನ್ ಕೂಡ ವಾಸ್ತುಶಿಲ್ಪ ಓದಿದವರೇ. ಮಧ್ಯಯುಗದ ಕವಿತೆಗಳನ್ನೂ ತಮ್ಮದೇ ಹಾಡುಗಳನ್ನೂ ಗಿಟಾರ್ ಹಿಡಿದು, ತಣ್ಣಗೆ ಹಾಡುತ್ತಾರೆ. ಹಾಡಿನ ಮೇಲೆ ತನ್ನ ಮುದ್ರೆ ಒತ್ತುವ ಆತುರವೇ ಇಲ್ಲದ ಗಾಯಕಿ. ಮೂವರಲ್ಲಿ ನನ್ನ ಆಯ್ಕೆ ಇವರೇ, ಮತ್ತು ಹೊರಗಿನವರು ಇವರನ್ನು ಇಷ್ಟು ಕಡಿಮೆ ಕೇಳಿದ್ದಾರಲ್ಲ ಎಂದು ನನಗೆ ನಿಜಕ್ಕೂ ಬೇಸರವಿದೆ.

ಮದುವೆಮನೆ, ಕುಣಿತ, ಮತ್ತು ರಾಬಿಜ್ ಜಗಳ

ಯಾವ ಆರ್ಮೇನಿಯನ್ನರ ನಡುವೆಯಾದರೂ ರಾಬಿಜ್ ಎಂದು ನೋಡಿ, ಜಗಳ ಹತ್ತಿಕೊಳ್ಳುತ್ತದೆ. ಸೋವಿಯತ್ ಕಾಲದ ಮದುವೆ, ಹೋಟೆಲು, ಸಾವಿನ ಮನೆಗಳಲ್ಲಿ ಬೆಳೆದ ಸಂಗೀತವಿದು. ಕ್ಲಾರಿನೆಟ್ಟು, ಕೀಬೋರ್ಡು, ಬಾಗಿ ಬಳುಕುವ ದನಿ, ತಾಯಿ, ಗೆಳೆಯ, ದುಡ್ಡು, ಮೋಸದ ಬಗೆಗಿನ ಹಾಡುಗಳು. ಓದಿದವರಿಗೆ ಇದು ಕೀಳು ಅಭಿರುಚಿ, ಟರ್ಕಿ ಮತ್ತು ಅರಬ್ಬರಿಂದ ಬಂದ ಕಲಬೆರಕೆ. ಟ್ಯಾಕ್ಸಿ ಓಡಿಸುವವರಿಗೆ ಇದೇ ಪ್ರಾಣ. ಇದರ ರಾಜ ಅರಾಮ್ ಅಸಾತ್ರ್ಯಾನ್. 1953ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡವರು.

ನಾನು ಓದಿದವರ ಪಕ್ಷ ಅಲ್ಲ. ಅಸಾತ್ರ್ಯಾನ್ ಸಾಲಿನ ಕೊನೆಯಲ್ಲಿ ದನಿಯನ್ನು ಉರುಳಿಸಿ ಉರುಳಿಸಿ ಕೆಳಗಿಳಿಸುತ್ತಾರೆ, ಒಫೇಲಿಯಾ ಮಾಡದೇ ಬಿಟ್ಟದ್ದನ್ನೆಲ್ಲ ಮಾಡುತ್ತಾರೆ. ಆದರೆ ಕಪಟವಿಲ್ಲ. ಸಂಕಟ ಎಂದರೆ ಸಂಕಟ, ಸಂತೋಷ ಎಂದರೆ ಸಂತೋಷ. ಅವರನ್ನು ಅನುಕರಿಸಿದವರ ಬಗ್ಗೆ ಮಾತ್ರ ನನಗೆ ಅಷ್ಟು ಸಹನೆಯಿಲ್ಲ. ಉರುಳಿಕೆ ಉಳಿದಿದೆ, ಸಂಕಟ ಕಾಣೆಯಾಗಿದೆ, ಎಲ್ಲಾ ಹಾಡಿಗೂ ಒಂದೇ ಡ್ರಮ್ಮು.

ಕುಣಿಯಲೇಬೇಕು ಅಂದರೆ ಹಾರುತ್ ಪಂಬುಕ್ಚ್ಯಾನ್. 1950ರಲ್ಲಿ ಯೆರೆವಾನಿನಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಸೋವಿಯತ್ ನಾಡು ಬಿಟ್ಟು, ಕೊನೆಗೆ ಲಾಸ್ ಏಂಜಲೀಸಿನಲ್ಲಿ ನೆಲೆಯಾದವರು. ಎಡಗೈಯಲ್ಲಿ ನುಡಿಸುವುದರಿಂದ 'ದ್ಜಾಖ್ ಹಾರುತ್', ಎಡಚ ಹಾರುತ್ ಎಂದೇ ಪ್ರಸಿದ್ಧಿ. ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲಿನ ಮದುವೆ ಮಂಟಪದಲ್ಲಿ ಇವರ ಹಾಡು ಶುರುವಾದರೆ ಅಜ್ಜಿಯಂದಿರೂ ಕುರ್ಚಿ ಬಿಟ್ಟೇಳುತ್ತಾರೆ. ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿಕೊಂಡು ಸಾಲು ಕಟ್ಟುತ್ತಾರೆ; ಮುಂದಿರುವವರ ಕೈಯಲ್ಲಿ ಕರವಸ್ತ್ರ ತಿರುಗುತ್ತದೆ; ನಡುವೆ ಬಂದು ಸೇರುವವರು ಯಾರನ್ನೂ ಕೇಳದೆ ಇಬ್ಬರ ಬೆರಳು ಬಿಡಿಸಿ ತಮ್ಮದನ್ನು ಸಿಕ್ಕಿಸಿಬಿಡುತ್ತಾರೆ. ಆ ಹೊತ್ತಿಗೆ ಒಫೇಲಿಯಾ ಅಲ್ಲ, ಲುಸಿನೆ ಅಲ್ಲ, ಹಾರುತ್ ಒಬ್ಬರೇ ಸರಿ.

ಬೈರೂತಿನ ಆದಿಸ್ ಹರ್ಮಂದ್ಯಾನ್ ಇದೇ ಹೊರನಾಡಿನ ಇನ್ನೊಂದು ಮುಖ. ಅರವತ್ತರ ದಶಕದ ಕೊನೆಯಿಂದ ಲೆಬನಾನಿನ ಆರ್ಮೇನಿಯನ್ನರ ಮನೆಮನೆಯಲ್ಲಿದ್ದ ದನಿ, 2019ರಲ್ಲಿ ತೀರಿಕೊಂಡರು. ಹೊರನಾಡಿನಲ್ಲಿ ಹೆಚ್ಚಾಗಿ ಆಡುವ ಪಶ್ಚಿಮ ಆರ್ಮೇನಿಯನ್ ನುಡಿಯಲ್ಲಿ, ಸೂಟು ಹಾಕಿ, ಮೆಲುದನಿಯ ಪ್ರೇಮಗೀತೆ. ಆರ್ಮೇನಿಯನ್ ಎಂದರೆ ಬರೀ ಜಾನಪದ, ಚರ್ಚು, ನರಮೇಧ ಎಂದು ತಿಳಿದಿದ್ದವರ ಸಮಾಜದಲ್ಲೇ, ತಮ್ಮ ನುಡಿಯಲ್ಲಿ ಪಾಪ್ ಹಾಡೂ ಸಾಧ್ಯ ಎಂದು ಹುಡುಗ ಹುಡುಗಿಯರಿಗೆ ತೋರಿಸಿದವರು. ನನಗೆ ಕೆಲವು ಹಾಡು ಸಕ್ಕರೆ ಜಾಸ್ತಿಯಾದ ಕಾಫಿಯಂತೆ ಅನ್ನಿಸುವುದುಂಟು. ಆದರೂ ಅವರ ಋಣ ದೊಡ್ಡದು.

ಯೂರೋವಿಷನ್ನಿನವರು

ನನ್ನ ಪಟ್ಟಿಯ ಕೆಳಗಿನ ಸಾಲುಗಳು ಹೆಚ್ಚಾಗಿ ಇಲ್ಲಿಂದಲೇ ಬರುತ್ತವೆ. ದೇಶಕ್ಕೊಂದು ಹಾಡು ಕಳಿಸುವ, ಯೂರೋಪಿನ ವಾರ್ಷಿಕ ಯೂರೋವಿಷನ್ ಸ್ಪರ್ಧೆಗೆ ಆರ್ಮೇನಿಯಾ ಕಾಲಿಟ್ಟದ್ದು 2006ರಲ್ಲಿ, ಆಂದ್ರೆ ಎಂಬ ಗಾಯಕನೊಂದಿಗೆ. ಅಲ್ಲಿಂದ ಮೂರು ನಿಮಿಷದಲ್ಲಿ ಇಡೀ ಯೂರೋಪನ್ನು ಮೆಚ್ಚಿಸುವ ಒತ್ತಡ ಒಂದು ತಲೆಮಾರಿನ ಗಾಯಕರನ್ನು ಹಿಡಿದುಕೊಂಡಿತು. ಸಾಲಿನ ಕೊನೆ ಎಂದರೆ ಕೈ ಮೇಲೆತ್ತಿ ಕೂಗುವ ಜಾಗ ಎಂದಾಯಿತು. ನನಗೆ ಅತ್ಯಂತ ಕಡಿಮೆ ಇಷ್ಟವಾದದ್ದು ಎಮ್ಮಿ 2011ರಲ್ಲಿ ಹಾಡಿದ 'ಬೂಮ್ ಬೂಮ್'. ಎಲ್ಲಿಂದ ಬಂದದ್ದು ಎಂದು ಗುರುತಿಸಲು ಅದರಲ್ಲಿ ಏನೂ ಇರಲಿಲ್ಲ. ಆರ್ಮೇನಿಯಾ ಮೊದಲ ಬಾರಿಗೆ ಫೈನಲ್ ತಲುಪದೆ ಹೋದದ್ದು ಆ ವರ್ಷ. 2015ರಲ್ಲಿ, ನರಮೇಧದ ನೂರನೇ ವರ್ಷಕ್ಕೆಂದು ಬೇರೆ ಬೇರೆ ಖಂಡಗಳ ಆರ್ಮೇನಿಯನ್ ಗಾಯಕರನ್ನು ಸೇರಿಸಿ ಕಟ್ಟಿದ ಜೀನಿಯಾಲಜಿ ತಂಡದ ಉದ್ದೇಶ ಉದಾತ್ತವಾಗಿತ್ತು. ಹಾಡು ಮಾತ್ರ ಆರು ಜನ ಒಬ್ಬರ ಮೇಲೊಬ್ಬರು ದನಿಯೆತ್ತುವ ಗದ್ದಲವಾಯಿತು. ಅಷ್ಟು ದೊಡ್ಡ ನೋವಿಗೆ ಕೋಮಿತಾಸನ ಒಂದು ಸಾಲು ಸಾಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬಾರದು. 2008ರಲ್ಲಿ ನಾಲ್ಕನೇ ಸ್ಥಾನ ಪಡೆದ ಸಿರುಶೋ ಆಮೇಲೆ 2012ರ 'ಪ್ರೆಗೋಮೆಶ್' ಹಾಡಿನಿಂದ ಜಾನಪದದ ಕಡೆ ತಿರುಗಿ, ತನ್ನ ದನಿಗೆ ನಿಜವಾದ ಮನೆ ಕಂಡುಕೊಂಡರು. 2014ರಲ್ಲಿ ಅದೇ ನಾಲ್ಕನೇ ಸ್ಥಾನಕ್ಕೆ ಬಂದ ಅರಾಮ್ ಎಂಪಿತ್ರೀ, ಪಿಸುಮಾತಿನಿಂದ ಶುರು ಮಾಡುವ ಧೈರ್ಯ ತೋರಿದರು. ವನಾದ್ಜೋರ್ ಊರಿನ ರೋಸಾ ಲಿನ್ 2022ರಲ್ಲಿ 20ನೇ ಸ್ಥಾನಕ್ಕೆ ತಳ್ಳಲ್ಪಟ್ಟರೂ ಅವರ 'ಸ್ನ್ಯಾಪ್' ಆಮೇಲೆ ಟಿಕ್‌ಟಾಕ್ ಮೂಲಕ ಲೋಕವೆಲ್ಲ ಸುತ್ತಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೂ ಏರಿತು. ಚೆಂದದ ಹಾಡು. ಆದರೆ ಇಂಗ್ಲಿಷಿನ ಹಾಡು, ಎಲ್ಲಿಯವರಾದರೂ ಬರೆಯಬಹುದಾದದ್ದು. ಇವರೆಲ್ಲರಿಗಿಂತ ನನಗೆ ಹತ್ತಿರವಾದವರು ಲದಾನಿವಾ. ಫ್ರಾನ್ಸಿನ ಲೀಲ್ ನಗರದಲ್ಲಿ ಜಾಕ್ಲಿನ್ ಬಗ್ದಸಾರ್ಯಾನ್ ಮತ್ತು ಲೂಯಿ ಥೋಮಾ ಕಟ್ಟಿದ ಜೋಡಿ. 2024ರಲ್ಲಿ 'ಜಾಕೋ' ಹಾಡಿ ಎಂಟನೇ ಸ್ಥಾನ ಪಡೆದರು. ಹುಡುಗಿ ಹೀಗಿರಬೇಕು, ಹಾಗಿರಬೇಕು ಎಂದು ಹೇಳುವವರಿಗೆ ಅಚ್ಚ ಆರ್ಮೇನಿಯನ್ನಿನಲ್ಲಿ ಕೊಟ್ಟ ಉತ್ತರ ಅದು. ಜಾಕ್ಲಿನ್ ಸಾಲಿನ ಕೊನೆಯಲ್ಲಿ ದನಿಯನ್ನು ಹಳ್ಳಿಯ ಹೆಂಗಸರ ಹಾಗೆ ಪಟ್ಟನೆ ಕತ್ತರಿಸುತ್ತಾರೆ. ಹೊಸಬರಲ್ಲಿ ಒಬ್ಬರನ್ನು ಕೇಳಿ ಎಂದರೆ ಇವರನ್ನು.

ಮತ್ತೆ ಆ ಇಬ್ಬರು

ಅಜ್ನಾವೂರ್ ಅವರನ್ನು ಆರ್ಮೇನಿಯನ್ ಗಾಯಕ ಎಂದು ಕೇಳಬೇಡಿ, ಫ್ರೆಂಚ್ ಹಾಡುಗಾರಿಕೆಯ ಶಿಖರ ಎಂದು ಕೇಳಿ. ಆರ್ಮೇನಿಯಾಕ್ಕೆ ಅವರು ಕೊಟ್ಟದ್ದು ಬೇರೆ ಬಗೆಯದು. 1988ರ ಡಿಸೆಂಬರ್ 7ರಂದು ಸ್ಪಿತಾಕ್ ಭೂಕಂಪದಲ್ಲಿ ಸುಮಾರು 25,000 ಜನ ಸತ್ತಾಗ, ಫ್ರಾನ್ಸಿನ ಗಾಯಕರನ್ನೆಲ್ಲ ಕೂಡಿಸಿ 1989ರಲ್ಲಿ ಪರಿಹಾರಕ್ಕಾಗಿ ಹಾಡಿಸಿದರು. ಮುಂದೆ ಸ್ವಿಟ್ಜರ್ಲೆಂಡಿಗೆ ಆರ್ಮೇನಿಯಾದ ರಾಯಭಾರಿಯೂ ಆದರು. 2018ರ ಸೆಪ್ಟೆಂಬರಿನಲ್ಲಿ, 94ರ ವಯಸ್ಸಿನಲ್ಲಿ, ಜಪಾನಿನಲ್ಲಿ ಕಚೇರಿ ಮಾಡಿ ಬಂದು ಅಕ್ಟೋಬರ್ 1ರಂದು ತೀರಿಕೊಂಡರು. ಪ್ಯಾರಿಸ್ಸಿನ ರಾಷ್ಟ್ರೀಯ ಅಂತಿಮ ನಮನದಲ್ಲಿ ಮೊಳಗಿದ್ದು ದುದುಕ್.

ಸೆರ್ಜ್ ವಿಷಯ ಬೇರೆ. ಇಂಗ್ಲಿಷಿನಲ್ಲಿ ಹಾಡಿದರೂ ಅವರ ದನಿಯಲ್ಲಿ ಶರಕಾನ್ ಇದೆ. ಅನುಮಾನವಿದ್ದರೆ 2001ರ 'ಟಾಕ್ಸಿಸಿಟಿ' ಆಲ್ಬಮನ್ನು ಕೊನೆಯ ಹಾಡು ಮುಗಿದ ಮೇಲೂ ನಿಲ್ಲಿಸದೆ ಬಿಡಿ. ಅಲ್ಲಿ ಇಸ್ತಾಂಬುಲಿನ ಆರ್ಮೇನಿಯನ್ ತಾಳವಾದ್ಯಗಾರ ಆರ್ತೋ ತುಂಚ್‌ಬೊಯಾಜ್ಯಾನ್ ಜೊತೆಗೂಡಿದ ಒಂದು ಅಡಗಿಸಿಟ್ಟ ತುಣುಕು ಇದೆ. ಅದು ಆರ್ಮೇನಿಯನ್ ಚರ್ಚಿನ 'ತೇರ್ ವೊಘೊರ್ಮ್ಯಾ', ಪ್ರಭುವೇ ಕರುಣಿಸು ಎಂಬ ಪ್ರಾರ್ಥನೆ. 2015ರ ಏಪ್ರಿಲ್ 23ರ ರಾತ್ರಿ ಯೆರೆವಾನಿನ ಗಣರಾಜ್ಯ ಚೌಕದಲ್ಲಿ ಮಳೆಯ ನಡುವೆ ಈ ಬ್ಯಾಂಡ್ ಉಚಿತವಾಗಿ ಹಾಡಿತು. ರಾಕ್ ಇಷ್ಟಪಡುವವರು ಇಲ್ಲಿಂದ ಶುರು ಮಾಡಿ ಲುಸಿನೆಗೆ ಹೋದರೆ ದಾರಿ ನೇರವಾಗಿದೆ.

ಗೌಹರ್ ಜಾನ್ ಅವರನ್ನು ಈ ಪಟ್ಟಿಗೆ ಸೇರಿಸಬೇಕೇ ಎಂದು ಕೇಳುವವರಿದ್ದಾರೆ. 1873ರಲ್ಲಿ ಆಜಮ್‌ಗಢದಲ್ಲಿ ಏಂಜಲೀನಾ ಆಗಿ ಹುಟ್ಟಿದವರು; ಅವರ ತಂದೆ ಆರ್ಮೇನಿಯನ್ ಮೂಲದವರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ಭಾರತದ ಮೊದಲ ಧ್ವನಿಮುದ್ರಿತ ತಾರೆಯಾದರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಮೈಸೂರಿನ ಆಸ್ಥಾನಕ್ಕೆ ನೇಮಿಸಿಕೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಊರಿನ ಮಣ್ಣಲ್ಲಿ ಸೇರಿದವರು ಎಂಬ ಅಭಿಮಾನ ನನಗೂ ಇದೆ. ಆದರೆ ಅವರ ಹಾಡು ಪೂರ್ತಿ ಹಿಂದುಸ್ತಾನಿ. ಆರ್ಮೇನಿಯನ್ ಸಂಗೀತ ಹುಡುಕಿಕೊಂಡು ಅವರ ಬಳಿ ಹೋಗಬೇಡಿ, ಠುಮ್ರಿಗಾಗಿ ಹೋಗಿ.

ಹುಡುಕುವಾಗ ಒಂದು ಎಚ್ಚರ ಇರಲಿ. ಪೂರ್ವ ಮತ್ತು ಪಶ್ಚಿಮ ಆರ್ಮೇನಿಯನ್ ಉಚ್ಚಾರಣೆಯಲ್ಲಿ ಕ-ಗ, ತ-ದ, ಪ-ಬ ಅದಲುಬದಲಾಗುತ್ತವೆ. ಕೋಮಿತಾಸ್ ಎಂದು ಹುಡುಕಿ ಸಿಗದ ದನಿಮುದ್ರಣ ಗೊಮಿದಾಸ್ ಎಂದರೆ ಸಿಗುತ್ತದೆ; ಬೈರೂತ್, ಅಮೆರಿಕ, ಕೆನಡಾದ ಗಾಯಕರು ಹೆಚ್ಚಾಗಿ ಈ ಎರಡನೇ ರೂಪ ಬಳಸುತ್ತಾರೆ. ಹಳೆಯ ರೇಡಿಯೋ ಗಾಯಕರ ಹೆಸರನ್ನು ಆರ್ಮೇನಿಯನ್ ಲಿಪಿಯಲ್ಲೇ ನಕಲು ಮಾಡಿ ಹಾಕಿದರೆ ಇನ್ನೂ ಹೆಚ್ಚು ದೊರೆಯುತ್ತದೆ. ಒಫೇಲಿಯಾ ಹಾಡಿದ ಸಯಾತ್ ನೋವಾ ಗೀತೆ ಸಿಕ್ಕಿದ ಮೇಲೆ ಅದೇ ಗೀತೆಯನ್ನು ಬದಲ್ಯಾನ್ ದನಿಯಲ್ಲೂ ಹುಡುಕಿ, ಎರಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಮೊದಲ ನಾಲ್ಕು ಸಾಲು ಕೇಳಿ.